ಜೇಡ ಏನೂ ಮಾಡಲ್ಲ

ನನಗೆ ಜೇಡ ಕಂಡರೆ ಆಗುವುದಿಲ್ಲ. ಹದಿನಾರು ವರ್ಷದಿಂದ ವಿಜ್ಞಾನದ ಮೇಡಂ ಅನ್ನಿಸಿಕೊಂಡು ಸಂಬಳ ತಿನ್ನುತ್ತಿರುವವಳು ಹೀಗೆ ಹೇಳಬಾರದು. ಆದರೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಾವು ಕಂಡರೆ ದೂರ ನಿಂತು ನೋಡುತ್ತೇನೆ. ಚೇಳನ್ನು ಚಪ್ಪಲಿಯಲ್ಲಿ ಬಡಿದಿದ್ದೇನೆ. ಎಂಟು ಕಾಲಿನ ಆ ಪ್ರಾಣಿ ಮಾತ್ರ ಗೋಡೆಯ ಮೇಲೆ ಗೇಣುದ್ದ ಸರಿದರೂ ಸಾಕು, ಬೆನ್ನ ಮೇಲೆ ಏನೋ ಹರಿದಾಡಿದಂತಾಗುತ್ತದೆ. ಪುಸ್ತಕದಲ್ಲಿ ಜೇಡದ ಚಿತ್ರವಿರುವ ಪುಟ ಬಂದರೆ ಚಿತ್ರಕ್ಕೆ ಬೆರಳು ತಾಗದ ಹಾಗೆ ಅಂಚು ಹಿಡಿದು ಪಾಠ ಮಾಡುತ್ತೇನೆ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಅದೇ ಕತೆ.

ಈ ಗುಟ್ಟು ನಮ್ಮ ಶಾಲೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಬಿಸಿಯೂಟ ಬೇಯಿಸುವ ಅಕ್ಕನಿಗೆ. ನಮ್ಮದು ದೊಡ್ಡೇರಿ ಹೋಬಳಿಯ ಒಂದು ಸಣ್ಣ ಹಳ್ಳಿಯ ಶಾಲೆ. ನಾನು ಮಧುಗಿರಿಯಿಂದ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಅಕ್ಕ ಅದೇ ಊರಿನವರು, ಕುರಿ ಸಾಕುವ ಮನೆಯ ಹೆಂಗಸು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಮೇಡಮ್ಮೋರೆ ಅನ್ನುತ್ತಾರೆ. ನಾನು ಆ ಶಾಲೆಗೆ ಬಂದ ಹೊಸದರಲ್ಲಿ ಒಂದು ದಿನ ಬೀರು ತೆಗೆದರೆ ಹಾಜರಿ ಪುಸ್ತಕದ ಮೇಲೆ ಅಂಗೈಯಗಲದ ಜೇಡ ಕೂತಿತ್ತು. ಕೂಗಲೂ ಆಗದೆ ಓಡಲೂ ಆಗದೆ ನಿಂತಿದ್ದೆ. ಅಕ್ಕಿಗೆ ಸಹಿ ಹಾಕಿಸಿಕೊಳ್ಳಲು ಬಂದ ಅಕ್ಕ ನನ್ನ ಮುಖ ನೋಡಿದರು, ಬೀರು ನೋಡಿದರು, ಸೆರಗಿನ ತುದಿಯಲ್ಲಿ ಅದನ್ನು ಮೆಲ್ಲಗೆ ಎತ್ತಿ ಕಿಟಕಿಯಿಂದ ಆಚೆ ಬಿಟ್ಟು ಬಂದರು.

"ಹೊಟ್ಟೆಯೊಳ್ಗೆ ಇಷ್ಟು ಎದ್ರಿಕೆ ಇಟ್ಕಂಡು ಐಕ್ಳಿಗೆ ಪಾಟ ಹೇಳ್ತೀರಲ್ಲ ಮೇಡಮ್ಮೋರೆ, ನೀವೇ ಗಟ್ಟಿ ಬುಡಿ," ಅಂದರು. ಅಷ್ಟೇ. ಯಾರಿಗೂ ಹೇಳಲಿಲ್ಲ.

ಅವರಿಗೆ ಜೇಡವೆಂದರೆ ಮನೆಯ ಬೆಕ್ಕಿನ ಹಾಗೆ. ಅಡುಗೆಕೋಣೆಯ ಕಿಟಕಿಯ ಮೇಲೆ, ಮೂಲೆಯಲ್ಲಿ, ಒಂದು ಬಲೆಯನ್ನು ಬೇಕೆಂದೇ ಉಳಿಸಿಕೊಂಡಿದ್ದರು. ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡರೆ ಸ್ಟೂಲ್ ಹತ್ತಿ ಆ ಬಲೆಯ ಒಂದು ಚೂರು ಕಿತ್ತು ಗಾಯಕ್ಕೆ ಒತ್ತಿಕೊಳ್ಳುವುದು, ರಕ್ತ ನಿಂತಿತು ಅನ್ನುವುದು, ಮತ್ತೆ ಸೌತೆಕಾಯಿ ಹೆಚ್ಚಲು ಕೂರುವುದು. ನಾನು ರೇಗುತ್ತಿದ್ದೆ. ಅಡುಗೆಕೋಣೆಯಲ್ಲಿ ಬಲೆ ಇದ್ದರೆ ಮೇಲಿನವರು ಬಂದಾಗ ಬೈಸಿಕೊಳ್ಳುವವಳು ನಾನು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಅವರ ಕಣ್ಣೆದುರೇ ಗೋಡೆಗೆ ಹೊಡೆಸಿದೆ. ಅವರು ಆ ಪೆಟ್ಟಿಗೆಯ ಮೇಲೆ ಬೆಂಕಿಪೊಟ್ಟಣ ಇಡಲು ಶುರುಮಾಡಿದರು.

"ಅಕ್ಕ, ಬಲೇಲಿ ಧೂಳಿರುತ್ತೆ, ಕೊಳಕಿರುತ್ತೆ, ಗಾಯ ಕೀವಾಗುತ್ತೆ."

"ನಲವತ್ತು ವರ್ಸದಿಂದ ಆಗಿಲ್ಲ, ಇನ್ನೀಗ ಆಯ್ತದಾ?" ಎಂದು ಅವರು ನಗುತ್ತಿದ್ದರು. ಮಾತಿನಲ್ಲಿ ನಾನು ಅವರನ್ನು ಗೆದ್ದದ್ದು ಒಮ್ಮೆಯೂ ಇಲ್ಲ. ಒಂದೇ ಒಂದು ಸಲ ಗೆದ್ದೆ. ಆ ಗೆಲುವಿನ ಕತೆಯೇ ಇದು.

ಮೊನ್ನೆ ಮೊನ್ನೆ ಒಂದು ವರ್ಷ ಮಳೆ ಹಿಡಿದು ಬಾರಿಸಿತಲ್ಲ, ಆಗ ನಮ್ಮ ಶಾಲೆಯ ಊರಿನ ಕೆರೆ ಕೋಡಿ ಬಿತ್ತು. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕೆರೆಯಂಗಳದ ತುಂಬ ಸೀಮೆಜಾಲಿ ಬೆಳೆದಿತ್ತು. ನೀರು ಏರಿದಾಗ ಅಂಗಳದ ಬಿಲ, ಬಿರುಕು, ಹುಲ್ಲಿನಲ್ಲಿದ್ದ ಜೇಡಗಳೆಲ್ಲ ಪ್ರಾಣ ಉಳಿಸಿಕೊಳ್ಳಲು ಏರಿಯ ಮೇಲಿನ ಜಾಲಿ ಮರಗಳಿಗೆ ಹತ್ತಿಕೊಂಡವು. ಹತ್ತಿದವು ಸುಮ್ಮನೆ ಕೂರಲಿಲ್ಲ. ಎರಡು ವಾರದಲ್ಲಿ ಏರಿಯ ಉದ್ದಕ್ಕೂ ಮರದಿಂದ ಮರಕ್ಕೆ, ಕೊಂಬೆಯಿಂದ ಬೇಲಿಗೆ ನೇಯ್ದುಕೊಂಡು ಹೋದವು. ಇಪ್ಪತ್ತು ಇಪ್ಪತ್ತೈದು ಮರಗಳಿಗೆ ಒಟ್ಟಾಗಿ ಒಂದೇ ಸೊಳ್ಳೆಪರದೆ ಕಟ್ಟಿದ ಹಾಗಿತ್ತು. ಬೆಳಗಿನ ಇಬ್ಬನಿಯಲ್ಲಿ ಅದು ಬೆಳ್ಳಗೆ ಜೋತು ಬಿದ್ದಿರುತ್ತಿತ್ತು. ಶಾಲೆ ಏರಿಯ ಆಚೆ, ಊರಿನಿಂದಾಗಲಿ ಮಧುಗಿರಿಯಿಂದಾಗಲಿ ಅಲ್ಲಿಗೆ ಇದ್ದದ್ದು ಆ ಏರಿಯ ದಾರಿ ಒಂದೇ.

ಮೊದಲ ದಿನ ನಾನು ಸ್ಕೂಟರ್ ನಿಲ್ಲಿಸಿ ಹತ್ತು ನಿಮಿಷ ಅಲ್ಲೇ ನಿಂತೆ. ವಾಪಸ್ ಹೋಗಿ ರಜೆ ಹಾಕೋಣವೇ ಎಂದು ನಿಜವಾಗಿ ಯೋಚಿಸಿದೆ. ಕೊನೆಗೆ ಹೆಲ್ಮೆಟ್ಟಿನ ಗಾಜು ಇಳಿಸಿ, ವೇಲನ್ನು ಕುತ್ತಿಗೆಗೆ ಬಿಗಿದು, ಕೈಗೆ ಚಳಿಗಾಲದ ಗ್ಲೌಸು ಹಾಕಿಕೊಂಡು ಬಲೆಯ ಕೆಳಗೆ ಗಾಡಿ ಬಿಟ್ಟೆ. ಆಚೆ ಬದಿ ತಲುಪಿದಾಗ ಮೈಯೆಲ್ಲ ಒದ್ದೆಯಾಗಿತ್ತು. ದಿನಕ್ಕೆ ಎರಡು ಸಲ ಇದೇ ಪಾಡು. ಅಕ್ಕ ಅದೇ ದಾರಿಯಲ್ಲಿ ಬರಿತಲೆಯಲ್ಲಿ ನಡೆದು ಬರುತ್ತಿದ್ದರು, ಹಳೇ ಮನೆಗೆ ಬಂದವರ ಹಾಗೆ ಮೇಲೆಲ್ಲ ನೋಡಿಕೊಂಡು.

ಆಮೇಲೆ ಜನ ಬರಲು ಶುರುವಾಯಿತು. ಯಾರೋ ಫೋನಿನಲ್ಲಿ ವಿಡಿಯೋ ಹಾಕಿದ್ದೇ ತಡ, ಶಿರಾದಿಂದ, ಕೊರಟಗೆರೆಯಿಂದ ಬೈಕುಗಳು. ನಮ್ಮ ಜನರ ರೀತಿಯೇ ನನಗೆ ಅರ್ಥವಾಗುವುದಿಲ್ಲ. ಹೆದರುತ್ತಾರೆ, ಹೆದರಿದ್ದನ್ನೇ ನೋಡಲು ಮೂವತ್ತು ನಲವತ್ತು ಕಿಲೋಮೀಟರ್ ಬರುತ್ತಾರೆ, ಬಂದು ಹತ್ತಿರ ಹೋಗದೆ ಹೆಂಡತಿಯನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಕೆಲವು ಹೆಂಗಸರು ಕೆರೆಯ ಗಂಗಮ್ಮ ಸೀರೆ ಒಣಹಾಕಿದ್ದಾಳೆ ಎಂದು ಮರದ ಬುಡಕ್ಕೆ ಅರಿಶಿನ ಕುಂಕುಮ ಇಟ್ಟರು. ಪಾವಗಡದ ರಾಯಚರ್ಲು ಕಡೆ ನೆಲದ ತುಂಬ ಸೋಲಾರ್ ಪ್ಲೇಟ್ ಹಾಸಿದ ಮೇಲೆ ಅಲ್ಲಿನ ಜೇಡಗಳಿಗೆ ಜಾಗ ಸಾಲದೆ ಇಲ್ಲಿಗೆ ನಡೆದು ಬಂದಿವೆ ಎಂದು ಒಬ್ಬರು ಹೇಳಿದರು. ಅಷ್ಟು ದೂರದಿಂದ, ಎಂಟು ಕಾಲಿನಲ್ಲಿ. ಪಾವಗಡದಿಂದ ಬಂದ ಒಬ್ಬಾಕೆ ನನ್ನನ್ನು ನಿಲ್ಲಿಸಿ, ಜೇಡಕ್ಕೆ ತೆಲುಗಿನ ಹೆಸರು ಹಿಡಿದು, "ಮೇಡಂ, ಈ ಸಾಲೆಪುರುಗು ನಮ್ ಕಡೆಯವೇ, ಅವುಗಳ ಬಣ್ಣ ನೋಡಿದ್ರೆ ಗೊತ್ತಾಗ್ತೈತೆ," ಎಂದು ಊರ ನೆಂಟರ ವಿಷಯ ಹೇಳಿದ ಹಾಗೆ ಹೇಳಿದರು. ಶಿರಾದ ಒಬ್ಬ ಮುದುಕಿ, ಬುರ್ಖಾದ ತಲೆವಸ್ತ್ರ ಸರಿಮಾಡಿಕೊಳ್ಳುತ್ತ, "ಮಕ್ಡೀನ ಹೊಡೀಬಾರ್ದು ಬೇಟಿ, ನಮ್ಮಲ್ಲಿ ಅದಕ್ಕೆ ಬಹಳ ಮರ್ಯಾದೆ," ಅಂದರು. ಬಂದವರಲ್ಲಿ ಜಾಣತನದ ಮಾತಾಡಿದವರು ಅವರೊಬ್ಬರೇ ಅನ್ನಿಸಿತು.

ಇದೆಲ್ಲ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಊರಿನವರು ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದರು. ಕಾರಣ ಒಂದೇ: ಬಲೆಯ ಕೆಳಗೆ ಹೋದರೆ ಜೇಡ ಮೈ ಮೇಲೆ ಉಚ್ಚೆ ಹುಯ್ಯುತ್ತದೆ, ಬಿದ್ದ ಕಡೆ ಬೊಕ್ಕೆ ಏಳುತ್ತದೆ. ನಮ್ಮ ಸೀಮೆಯಲ್ಲಿ ಇದು ಹಳೆಯ ನಂಬಿಕೆ. ಮೈಯ ಒಂದು ಪಕ್ಕದಲ್ಲಿ ಉರಿಯುವ ಗುಳ್ಳೆಗಳ ಗುಂಪು ಎದ್ದರೆ ಜೇಡ ಉಚ್ಚೆ ಹುಯ್ದಿದೆ ಅನ್ನುತ್ತಾರೆ. ಅದಕ್ಕೆ ಪಕ್ಕದ ಊರಿನಲ್ಲಿ ಒಬ್ಬ ಅಜ್ಜ ಇದ್ದಾರೆ. ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಗೆರೆ ಬರೆದು, ಬಾಯಲ್ಲಿ ಏನೋ ಹೇಳಿ, ಮೂರು ದಿನ ನೀರು ಮುಟ್ಟಿಸಬೇಡ ಎಂದು ಕಳಿಸುತ್ತಾರೆ. ಕೆಮ್ಮಣ್ಣಜ್ಜ ಎಂದೇ ಅವರ ಹೆಸರು. ನನಗೆ ಆ ಮನುಷ್ಯನ ಮುಖ ಗೊತ್ತಿರಲಿಲ್ಲ, ಆದರೂ ಅವರ ಮೇಲೆ ವರ್ಷಗಳಿಂದ ಸಿಟ್ಟಿತ್ತು.

ಮುಖ್ಯೋಪಾಧ್ಯಾಯರು ನನ್ನನ್ನು ಕರೆದರು. "ಮೇಡಂ, ನಲವತ್ತೊಂದು ಮಕ್ಕಳಲ್ಲಿ ಇವತ್ತು ಬಂದಿರೋದು ಹನ್ನೆರಡು. ನೀವು ಸೈನ್ಸು. ಆ ಮರದ ಕೆಳಗೇ ಜನರನ್ನ ಸೇರಿಸ್ತೀನಿ, ಏನಾದ್ರೂ ಹೇಳಿ ಧೈರ್ಯ ತುಂಬಿ."

ಸೈನ್ಸು ಅನ್ನುವುದು ನನ್ನ ಕರ್ಮ. ಮರದ ಕೆಳಗೇ ಯಾಕೆ, ಶಾಲೆಯ ಅಂಗಳದಲ್ಲಿ ಹೇಳುತ್ತೇನೆ ಅಂದೆ. "ಅಲ್ಲಿ ಹೇಳಿದ್ರೆ ನಂಬಲ್ಲ ಮೇಡಂ, ನೀವು ಕೆಳಗೆ ನಿಂತು ಹೇಳಿದ್ರೆ ನಂಬ್ತಾರೆ," ಅಂದರು. ಮಾತು ನಿಜವೇ. ಹಾಗಾಗಿ ನನಗೆ ಇನ್ನೂ ಸಿಟ್ಟು ಬಂತು.

ಹಿಂದಿನ ದಿನ ಕೂತು ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಂಡೆ. ಒಂದು, ಈ ಜೇಡಗಳು ಯಾಕೆ ಮರ ಹತ್ತಿವೆ. ಎರಡು, ಇವು ಸೊಳ್ಳೆ ನೊಣ ಹಿಡಿಯುತ್ತವೆ, ನಮ್ಮ ತಂಟೆಗೆ ಬರುವುದಿಲ್ಲ. ಮೂರು, ಉಚ್ಚೆ ಬಿದ್ದು ಎದ್ದದ್ದು ಎನ್ನುವ ಗುಳ್ಳೆ ಜೇಡದ್ದಲ್ಲ, ಅದು ಸರ್ಪಸುತ್ತು ಎಂಬ ಕಾಯಿಲೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದವರ ಮೈಯೊಳಗೆ ಉಳಿದ ರೋಗಾಣು ಎಷ್ಟೋ ವರ್ಷದ ಮೇಲೆ ಎದ್ದು ಬರುವುದು. ಹಾಗೆ ಗುಳ್ಳೆ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಚೀಟಿ ಈಗಲೂ ನನ್ನ ಬ್ಯಾಗಿನಲ್ಲಿದೆ.

ಊರಿನವರು ಬಂದರು. ಏರಿಯ ಆ ಕಡೆ ಒಂದು ಗುಂಪು, ಈ ಕಡೆ ಒಂದು ಗುಂಪು, ನಡುವೆ ಬಲೆಯ ಕೆಳಗೆ ನಾನು. ಪಕ್ಕದಲ್ಲಿ ಅಕ್ಕ. ನನ್ನ ಅವಸ್ಥೆ ಗೊತ್ತಿದ್ದ ಅವರೊಬ್ಬರೇ ಕರೆಯದೆ ಬಂದು ನಿಂತಿದ್ದರು. ಮೊದಲನೆಯದು ಹೇಳಿದೆ. ಎರಡನೆಯದು ಹೇಳಿದೆ. ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ಹೇಳುತ್ತಿದ್ದೆ. ಅಕ್ಕ ಪಕ್ಕದ ಬಲೆಯೊಳಗೆ ಕೈ ಹಾಕಿ, ಬಳೆಯ ಹತ್ತಿರ ಓಡಾಡುವ ನಾಲ್ಕೈದು ಜೇಡಗಳನ್ನು ಎಲ್ಲರಿಗೂ ತೋರಿಸಿದರು. ಜನ ಎರಡು ಹೆಜ್ಜೆ ಮುಂದೆ ಬಂದರು.

ಆಗ ಒಬ್ಬ ತಾಯಿ ಕೇಳಿದರು: "ಅಂಗಾರೆ ಉಚ್ಚೆ ಹುಯ್ದು ಬೊಕ್ಕೆ ಎದ್ರೆ ಏನ್ ಮಾಡಾದು?"

ಮೂರನೆಯದು ಹೇಳಬೇಕಿತ್ತು. ಬಾಯಿ ತೆರೆದೆ. ಅದೇ ಹೊತ್ತಿಗೆ ಮೇಲಿನ ಕೊಂಬೆಯಿಂದ ಒಂದು ಜೇಡ ನೂಲು ಬಿಟ್ಟುಕೊಂಡು ಇಳಿದು ನನ್ನ ಮೂಗಿನ ಎದುರು, ಒಂದು ಗೇಣಿನ ಆಚೆ ನಿಂತಿತು. ಕಾಲು ಆಡಿಸುತ್ತಿತ್ತು. ಓಡಿದರೆ ಇಡೀ ಊರು ನನ್ನ ಹಿಂದೆ ಓಡುತ್ತದೆ. ನಿಂತರೆ ಬಿದ್ದುಬಿಡುತ್ತೇನೆ. ಬೇಗ ಮುಗಿಸಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

"ಬೊಕ್ಕೆ ಎದ್ದರೆ ಏಳಲಿ," ಅಂದೆ. "ಜೇಡದಿಂದ ಏನೂ ಆಗಲ್ಲ. ಎರಡು ದಿನ ಇದ್ದು ತಾನೇ ಹೋಗುತ್ತೆ. ಅದಕ್ಕೆಲ್ಲ ಕೆಮ್ಮಣ್ಣಜ್ಜನ ಹತ್ರ ಓಡಬೇಡಿ. ಇಷ್ಟೇ, ಎಲ್ಲರೂ ಮಕ್ಕಳನ್ನ ಕಳಿಸಿ."

ಜನ ನಕ್ಕರು. ಅಕ್ಕ ಏನೂ ಆಗದವರ ಹಾಗೆ ಕೈ ಚಾಚಿ, ನೂಲಿನ ಸಮೇತ ಆ ಜೇಡವನ್ನು ಎತ್ತಿ ಕೊಂಬೆಗೆ ಬಿಟ್ಟರು. ಮರುದಿನ ಮೂವತ್ತಾರು ಮಕ್ಕಳು ಬಂದರು. ಮುಖ್ಯೋಪಾಧ್ಯಾಯರು ಎಲ್ಲರಿಗೂ ಟೀ ತರಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನು ನಾನೇ ಎಷ್ಟು ಸಲ ಬೋರ್ಡಿನ ಮೇಲೆ ಬರೆಸಿಲ್ಲ. ಬಿಟ್ಟುಹೋದ ಮೂರನೆಯದನ್ನು ಇನ್ನೊಂದು ದಿನ ಹೇಳೋಣ ಅಂದುಕೊಂಡೆ. ಇನ್ನೊಂದು ದಿನ ಅಂದರೆ ಮತ್ತೆ ಅಲ್ಲಿ ನಿಲ್ಲಬೇಕಲ್ಲ. ಮುಂದಕ್ಕೆ ಹಾಕಿದೆ, ಮರೆತೆ.

ಆ ದಿನದಿಂದ ಅಕ್ಕ ನನ್ನ ಕಡೆಯವರಾದರು. ಅಷ್ಟು ವರ್ಷ ನನ್ನ ಒಂದು ಮಾತನ್ನೂ ಒಪ್ಪದವರು ಈ ಒಂದು ಮಾತನ್ನು ತಲೆಯ ಮೇಲೆ ಹೊತ್ತುಕೊಂಡರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಏರಿಗೆ ಹೋಗಿ ನಿಲ್ಲುವುದು, ಹೊರಗಿನಿಂದ ಬಂದವರಿಗೆ ಬಲೆ ತೋರಿಸುವುದು. ಹಿಂದೆ ಸರಿಯುವವರ ಕೈ ಹಿಡಿದು ಎಳೆದು, "ಬನ್ನಿ, ಬನ್ನಿ, ಮುಟ್ಟಿ ನೋಡಿ. ಜೇಡ ಏನೂ ಮಾಡಲ್ಲ. ನಮ್ ಮೇಡಮ್ಮೋರು ಹೇಳವ್ರೆ," ಅನ್ನುತ್ತಿದ್ದರು. ಯಾರಾದರೂ ಬೊಕ್ಕೆಯ ಮಾತು ತೆಗೆದರೆ, "ಎದ್ರೆ ಏಳ್ಲಿ, ಎಲ್ಡು ದಿನ ಇದ್ದು ಹೋಯ್ತದೆ," ಎಂದು ನನ್ನದೇ ದನಿಯಲ್ಲಿ ಹೇಳುತ್ತಿದ್ದರು. ಸ್ಕೂಟರಿನಲ್ಲಿ ಹಾದುಹೋಗುವಾಗ ಅದು ನನ್ನ ಕಿವಿಗೆ ಬೀಳುತ್ತಿತ್ತು. ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಸೋಮವಾರ ಅಕ್ಕ ತಲೆಯ ಮೇಲೆ ಸೆರಗು ಹೊದ್ದು, ಎಡಗೆನ್ನೆಯವರೆಗೂ ಎಳೆದುಕೊಂಡು ಬಂದರು. ಏನಕ್ಕ ಅಂದರೆ ಅರೆತಲೆನೋವು ಅಂದರು. ಆ ವಾರ ಮೇಲಿನವರು ಶಾಲೆ ನೋಡಲು ಬರುವವರಿದ್ದರು. ನನ್ನ ತಲೆಯೇ ನನ್ನದಾಗಿರಲಿಲ್ಲ. ಮಕ್ಕಳ ಫೋಟೋ ಆಪ್‌ಗೆ ಹತ್ತುತ್ತಿರಲಿಲ್ಲ, ಅಂಕಪಟ್ಟಿ ಎರಡು ಸಲ ಬರೆಯಬೇಕಾಯಿತು. ಬ್ಯಾಗಿನಿಂದ ಒಂದು ತಲೆನೋವಿನ ಮಾತ್ರೆ ತೆಗೆದು ಕೊಟ್ಟು, ಅಡುಗೆಕೋಣೆಯ ಬಲೆ ಮಾತ್ರ ಈ ವಾರವಾದರೂ ತೆಗೆಸಿ ಅಂದೆ. ಆಗಲಿ ಅಂದರು. ತೆಗೆಯಲಿಲ್ಲ. ಬುಧವಾರವೂ ಸೆರಗು ಹಾಗೇ ಇತ್ತು. ಇನ್ನೊಂದು ಮಾತ್ರೆ ಕೊಟ್ಟೆ. ಸೆರಗು ಸರಿಸಿ ನೋಡುವ ಎರಡು ನಿಮಿಷ ನನ್ನ ಹತ್ತಿರ ಇರಲಿಲ್ಲ.

ಶುಕ್ರವಾರ ಬಡಿಸುವಾಗ ಅವರು ಸಾರಿನ ಸೌಟನ್ನು ಒಂದು ಮಗುವಿನ ತಟ್ಟೆಯ ಪಕ್ಕಕ್ಕೆ ಸುರಿದರು. ನಾನು ಹತ್ತಿರ ಹೋದೆ. ಸೆರಗು ಜಾರಿತು. ಎಡಹಣೆಯ ತುಂಬ ಗುಳ್ಳೆ, ಕೆಲವು ಒಡೆದು ಕಪ್ಪಾಗಿದ್ದವು, ಮೂಗಿನ ತುದಿಯಲ್ಲೂ ಎರಡು. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ನೋಡಿದ ಕೂಡಲೇ ನನಗೆ ಅದು ಏನು ಅಂತ ಗೊತ್ತಾಯಿತು. ಚೀಟಿಯ ಮೂರನೆಯ ಸಾಲು.

"ಯಾಕಕ್ಕ ಹೇಳಲಿಲ್ಲ?" ಎಂದು ಕೂಗಿದೆ. ಮಕ್ಕಳೆಲ್ಲ ನಮ್ಮನ್ನೇ ನೋಡುತ್ತಿದ್ದವು.

"ಮೆತ್ತಗೆ ಮೇಡಮ್ಮೋರೆ," ಅಂದರು. "ಜನಕ್ಕೆ ಗೊತ್ತಾದ್ರೆ ಜೇಡವೇ ಮಾಡ್ತು ಅಂತಾರೆ. ನಿಮ್ ಮಾತು ಸುಳ್ಳಾಯ್ತದೆ."

ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಏರಿಯ ಮೇಲೆ ಹೊರಟೆ. ಅವತ್ತು ಹೆಲ್ಮೆಟ್ಟೂ ಇಲ್ಲ, ಗ್ಲೌಸೂ ಇಲ್ಲ. ಬಲೆಯ ಎಳೆಗಳು ಮುಖಕ್ಕೆ ತಾಗಿದವು, ಒರೆಸಿಕೊಳ್ಳಲಿಲ್ಲ. ಮಧುಗಿರಿಯ ಆಸ್ಪತ್ರೆಯಲ್ಲಿ ನೋಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದು ತುಮಕೂರಿಗೆ ಕಳಿಸಿದರು. ಅಲ್ಲಿ ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಸರ್ಪಸುತ್ತು ಕಣ್ಣಿಗೆ ಇಳಿದಿದೆ ಅಂದರು. ಗುಳ್ಳೆ ಎದ್ದ ಎರಡು ಮೂರು ದಿನದೊಳಗೆ ಬಂದಿದ್ದರೆ ಮಾತ್ರೆಯಲ್ಲೇ ಹಿಡಿತಕ್ಕೆ ತರಬಹುದಿತ್ತು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು: "ಜೇಡದ್ದಲ್ಲ ಸಾ. ಜೇಡ ಏನೂ ಮಾಡಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ನೋಡುತ್ತಿದ್ದೆ.

ಗುಳ್ಳೆ ಒಣಗಿತು. ಉರಿ ಹೋಗಲು ತಿಂಗಳುಗಳು ಬೇಕಾದವು. ಕಣ್ಣು ಮರಳಲಿಲ್ಲ. ಕಪ್ಪುಗುಡ್ಡೆಯ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪೊರೆ ನಿಂತುಬಿಟ್ಟಿತು. ಬೆಳಕು ಕತ್ತಲೆ ಗೊತ್ತಾಗುತ್ತದೆ, ಆಳು ಗೊತ್ತಾಗುವುದಿಲ್ಲ. ಊರಿನಲ್ಲಿ ಎಲ್ಲರೂ ಜೇಡ ಕಣ್ಣಿಗೇ ಉಚ್ಚೆ ಹುಯ್ದಿದೆ ಅಂದರು. ಅಲ್ಲ, ಇದು ಬೇರೆ ಕಾಯಿಲೆ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳಿದೆ. ಅವರು ಹೂಂ ಅಂದರು. ಒಬ್ಬರಾದರೂ ನಿನ್ನಿಂದಲೇ ಹೀಗಾಯಿತು ಎಂದು ನನ್ನನ್ನು ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಯಾರೂ ಬೈಯಲಿಲ್ಲ. ಈ ನಡುವೆ ಗಾಳಿಯ ದಿನಗಳು ಬಂದು ಏರಿಯ ಬಲೆ ಹರಿದು ಚಿಂದಿಯಾಯಿತು. ಅದನ್ನು ನೋಡಲು ಯಾವ ಬೈಕೂ ಬರಲಿಲ್ಲ.

ನನ್ನ ಸಿಟ್ಟಿಗೆ ಒಂದು ಜಾಗ ಬೇಕಿತ್ತು. ಕೆಮ್ಮಣ್ಣಜ್ಜ ಸಿಕ್ಕರು. ಸೋಮವಾರದಿಂದ ಶುಕ್ರವಾರದವರೆಗೆ ಅಕ್ಕ ಆ ಮುದುಕನ ಹತ್ತಿರ ಗೆರೆ ಬರೆಸಿಕೊಂಡೇ ದಿನ ಕಳೆದಿರಬೇಕು ಎಂದು ನಾನೇ ತೀರ್ಮಾನ ಮಾಡಿದೆ. ಅಕ್ಕನನ್ನು ಕೇಳಲಿಲ್ಲ. ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಆ ಊರಿನವರು ಇನ್ನೇನು ಮಾಡುತ್ತಾರೆ? ಒಂದು ಭಾನುವಾರ ಪಕ್ಕದ ಊರಿಗೆ ಹೋದೆ. ಅವರು ಕುರಿರೊಪ್ಪದ ಬೇಲಿಗೆ ಮುಳ್ಳು ಕಟ್ಟುತ್ತಿದ್ದರು. ಕೆಲಸ ಬಿಟ್ಟು ಬಂದು ಕಲ್ಲಿನ ಮೇಲೆ ಕೂತರು. ನಾನು ನಿಂತೇ ಶುರುಮಾಡಿದೆ. ಮಣ್ಣು ಬಳಿದು ಜನರ ಕಣ್ಣು ಕಳೆಯುತ್ತೀರಿ, ಒಂದು ಹೆಂಗಸಿನ ಬಾಳು ಹಾಳಾಯಿತು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡರು.

"ಯಾರು, ನಿಮ್ ಇಸ್ಕೂಲ್ನಾಗೆ ಅಡ್ಗೆ ಮಾಡ್ತಾಳಲ್ಲ, ಆವಮ್ಮನ? ಆವಮ್ಮ ನನ್ನತ್ರ ಬರ್ಲೇ ಇಲ್ಲ ಕಣಮ್ಮ," ಅಂದರು.

ನಾನು ನಂಬಲಿಲ್ಲ.

"ಬಂದಿದ್ರೂ ನಾನ್ ಬರೀತಿರ್ಲಿಲ್ಲ. ಮೈಗೆ ಬೆನ್ನಿಗೆ ಎದ್ರೆ ಬರೀತೀನಿ. ಹಣೆಗೆ ಬಂದ್ರೆ, ಕಣ್ಣತ್ರ ಬಂದ್ರೆ ಮುಟ್ಟಾಕಿಲ್ಲ. ನಮ್ಮಪ್ಪನೂ ಮುಟ್ತಿರ್ಲಿಲ್ಲ. ಅದು ನಮ್ ಕೈಯಾಗಿರಾದಲ್ಲ, ಇವತ್ತೇ ಬಸ್ ಹತ್ತು, ಆಸ್ಪತ್ರೆಗೆ ಹೋಗು ಅಂತ ಕಳಿಸ್ಬುಡ್ತೀನಿ. ಹೋದ ವರ್ಸ ನಮ್ಮೂರ ಒಬ್ಬುಳ್ನ ಅಂಗೇ ಕಳಿಸ್ದೆ, ಕಣ್ಣು ಉಳೀತು." ಕೈಗಂಟಿದ ಮುಳ್ಳಿನ ಚೂರು ಕಿತ್ತು ಹಾಕುತ್ತ ಕೇಳಿದರು: "ಯಾಕೆ ಬರ್ಲಿಲ್ಲ ಆವಮ್ಮ? ಯಾರಾನಾ ಬ್ಯಾಡ ಅಂದ್ರಾ?"

ಬೇಡ ಅಂದವಳು ನಾನೇ. ನಾನೂ ಅದೇ ಕಲ್ಲಿನ ತುದಿಯಲ್ಲಿ ಕೂತೆ. ಅವರು ಮನೆಯೊಳಗೆ ಕೂಗಿ ಮಜ್ಜಿಗೆ ತರಿಸಿದರು. ಕುಡಿದು ಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಅಕ್ಕ ನನ್ನ ಮಾತು ಕೇಳದೆ ತಮ್ಮ ಊರಿನ ನಂಬಿಕೆಯ ಹಾಗೇ ನಡೆದಿದ್ದರೆ ಸೋಮವಾರವೇ ಅಜ್ಜನ ಹತ್ತಿರ ಹೋಗುತ್ತಿದ್ದರು. ಅಜ್ಜ ಸೋಮವಾರವೇ ಬಸ್ ಹತ್ತಿಸುತ್ತಿದ್ದರು. ಎಷ್ಟು ಸಲ ಹಾಕಿದರೂ ಲೆಕ್ಕ ಹಾಗೇ ಬಂತು. ನನ್ನ ಮಾತು ಉಳಿಸಲು ಡಾಕ್ಟರ ಮುಂದೆ ಏನೇ ಅಂದರೂ, ಗುಳ್ಳೆ ಜೇಡದ್ದೇ ಎಂದು ಅಕ್ಕ ಕೊನೆಯವರೆಗೂ ಒಳಗೆ ನಂಬಿದ್ದರು. ಜೇಡದಿಂದ ಏನೂ ಆಗುವುದಿಲ್ಲ ಎಂದು ನನ್ನನ್ನು ನಂಬಿದ್ದರು. ಎರಡನ್ನೂ ಕೂಡಿಸಿ, ಕಣ್ಣು ಉರಿಯುತ್ತಿದ್ದರೂ ಎರಡು ದಿನ ಇದ್ದು ಹೋಗುತ್ತದೆ ಎಂದು ಕಾದರು. ಎರಡು ದಿನ ಐದು ದಿನವಾಯಿತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಅಕ್ಕ ಕೆಲಸಕ್ಕೆ ಬಂದರು. ಬೇಡ ಅನ್ನಲು ಮುಖ್ಯೋಪಾಧ್ಯಾಯರಿಗೆ ಬಾಯಿ ಬರಲಿಲ್ಲ. ಅಕ್ಕಿ ಆರಿಸುವುದನ್ನು ಅಡುಗೆಗೆ ಜೊತೆಯಾಗಿ ಬರುವ ಇನ್ನೊಬ್ಬ ಹೆಂಗಸಿಗೆ ಬಿಟ್ಟು ಇವರು ತರಕಾರಿ ಹೆಚ್ಚಲು ಕೂತರು. ನಾನು ಅಡುಗೆಕೋಣೆಗೆ ಹೋದೆ. ಜೊತೆಯವರು ನೀರಿಗೆ ಹೋಗಿದ್ದರು, ಇಬ್ಬರೇ ಇದ್ದೆವು. ನಾಲ್ಕು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

"ಅಕ್ಕ, ಅವತ್ತು ಮರದ ಕೆಳಗೆ ನಾನು ಪೂರ್ತಿ ಹೇಳಲಿಲ್ಲ. ಬೊಕ್ಕೆ ಎದ್ದರೆ ಆಸ್ಪತ್ರೆಗೆ ಹೋಗಿ ಅಂತ ಹೇಳೋದಿತ್ತು. ಬರಕೊಂಡೂ ಹೋಗಿದ್ದೆ. ಅರ್ಧಕ್ಕೆ ನಿಲ್ಲಿಸಿಬಿಟ್ಟೆ."

ಅವರು ಈಳಿಗೆಮಣೆಯ ಮೇಲೆ ಕುಂಬಳಕಾಯಿಯ ಹೋಳು ತಿರುಗಿಸುತ್ತಿದ್ದರು. "ಗೊತ್ತು ಬುಡಿ," ಅಂದರು. "ಮೂಗಿನ್ ಮುಂದ್ಕೆ ಜೇಡ ಇಳೀತಲ್ಲ. ನಿಮ್ ಕಾಲು ನಡುಗ್ತಿತ್ತು. ಪಾಪ, ಅನ್ಕಂಡೆ."

ನಾನು ಇನ್ನೇನೋ ಹೇಳಬೇಕು ಅನ್ನುವಷ್ಟರಲ್ಲಿ ಅವರ ಬೆರಳು ಅಲಗಿಗೆ ಸಿಕ್ಕಿತು. ಒಂದೇ ಕಣ್ಣಿನಲ್ಲಿ ಅಲಗು ಎಷ್ಟು ದೂರವಿದೆ ಎಂದು ತಿಳಿಯುವುದಿಲ್ಲವಂತೆ. ರಕ್ತ ಹೋಳಿನ ಮೇಲೆ ಇಳಿಯಿತು. ಅವರು ಎದ್ದು, ಅಭ್ಯಾಸದ ಹಾಗೆ ಸ್ಟೂಲ್ ಹತ್ತಿ, ಕಿಟಕಿಯ ಮೇಲಿನ ಬಲೆಗೆ ಕೈ ಚಾಚಿದರು. ಕೈ ಬಲೆಗೆ ನಾಲ್ಕು ಬೆರಳು ಈಚೆಯೇ ಬರಿಗಾಳಿಯನ್ನು ಹಿಡಿಯಿತು. ಇನ್ನೊಮ್ಮೆ ಚಾಚಿದರು. ಮತ್ತೆ ಗಾಳಿ. ಇಳಿದು ಸ್ಟೂಲನ್ನು ಕಾಲಲ್ಲಿ ನನ್ನ ಕಡೆ ಸರಿಸಿದರು.

"ಒಸಿ ಅದನ್ನ ತಕ್ಕೊಡಿ ಮೇಡಮ್ಮೋರೆ."

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನನ್ನ ಭುಜದ ಹತ್ತಿರವೇ ಇತ್ತು, ಮೇಲೆ ಬೆಂಕಿಪೊಟ್ಟಣ. ಅದರಲ್ಲಿ ಹತ್ತಿ ಇದೆ, ಪ್ಲಾಸ್ಟರ್ ಇದೆ, ಅದೇ ಸರಿ ಎಂದು ನನಗೆ ಗೊತ್ತು. ಹೇಳುವ ಬಾಯಿ ಉಳಿದಿರಲಿಲ್ಲ. ಸ್ಟೂಲ್ ಹತ್ತಿದೆ. ಬಲೆಯ ನಡುವೆ ಅದು ಕೂತಿತ್ತು, ಎಂಟೂ ಕಾಲು ಮಡಿಸಿಕೊಂಡು. ನನ್ನ ಕೈ ಅರ್ಧಕ್ಕೆ ನಿಂತಿತು.

ಕೆಳಗಿನಿಂದ ಅಕ್ಕ, ಬೆರಳು ಒತ್ತಿ ಹಿಡಿದು, ಇದ್ದ ಒಂದು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದರು.

"ಎದ್ರುಕಾಬ್ಯಾಡಿ," ಅಂದರು. "ಅದು ಏನೂ ಮಾಡಲ್ಲ. ನೀವೇ ಹೇಳಿದ್ರಲ್ಲ."

ನಾನು ಬಲೆಗೆ ಕೈ ಹಾಕಿದೆ.